ತಳಿರು ತೋರಣ: ಬಾಗಿಲ ಮೇಲಿನ ಪಂಚಾಂಗ

ನಮ್ಮ ಸೀಮೆಯಲ್ಲಿ ಒಂದು ಮನೆಯೊಳಗೆ ಸಂಭ್ರಮವಿದೆಯೋ ಸಂಕಟವಿದೆಯೋ ಎಂಬುದನ್ನು ತಿಳಿಯಲು ಕದ ತಟ್ಟಬೇಕಾಗಿರಲಿಲ್ಲ. ಬಾಗಿಲವಾಡದ ಮೇಲೆ ಕಣ್ಣು ಹಾಯಿಸಿದರೆ ಸಾಕಾಗಿತ್ತು. ಹಸಿ ಮಾವಿನೆಲೆ ತೂಗುತ್ತಿದ್ದರೆ ಅಂದು ಹಬ್ಬ, ಇಲ್ಲವೇ ಶುಭಕಾರ್ಯ. ಎಲೆ ಬಾಡಿ ಕಂದಿದ್ದರೆ ಹಬ್ಬ ಕಳೆದು ಕೆಲವು ದಿನಗಳಾದವು ಎಂದರ್ಥ. ಊರಿಗೆಲ್ಲ ಹಬ್ಬವಾಗಿರುವ ದಿನವೂ ಒಂದು ಬಾಗಿಲು ಬರಿದಾಗಿದ್ದರೆ, ಆ ಮನೆಯಲ್ಲಿ ಸಾವು ಸಂಭವಿಸಿದೆ, ಇನ್ನೂ ವರ್ಷ ತುಂಬಿಲ್ಲ ಎಂದು ದಾರಿಹೋಕರೂ ತಿಳಿದುಕೊಂಡು ದನಿ ತಗ್ಗಿಸಿ ನಡೆಯುತ್ತಿದ್ದರು. ಅಕ್ಷರ ಬಾರದವರೂ ಓದಬಲ್ಲ ಬರಹ ಅದು.

ಈ ಪುಟ್ಟ ಅಲಂಕಾರವನ್ನು ನಾವು 'ಅನಾದಿ ಕಾಲದಿಂದ ಬಂದದ್ದು' ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಆದರೆ ತೋರಣವನ್ನು ಎಳೆ ಎಳೆಯಾಗಿ ಬಿಚ್ಚಿ ನೋಡಿದರೆ ಅದರಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ವಯಸ್ಸು, ಒಂದೊಂದು ತವರು ಇರುವುದು ಕಾಣುತ್ತದೆ. ಯಾವುದು ಹಳೆಯದು, ಯಾವುದು ಹೊಸದು, ಯಾವುದು ಹೊರಗಿನಿಂದ ಬಂದದ್ದು ಎಂದು ಸ್ವಲ್ಪ ವಿಚಾರಿಸೋಣ.

ಮೊದಲು ಶಬ್ದವನ್ನೇ ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ತೋರಣವೆಂದರೆ ಮೂಲತಃ ಎಲೆಯ ಸರವಲ್ಲ, ಹೆಬ್ಬಾಗಿಲು. ಎರಡು ಕಂಬ ನೆಟ್ಟು, ಮೇಲೆ ಅಡ್ಡತೊಲೆ ಇಟ್ಟು ಕಟ್ಟಿದ ಪ್ರವೇಶದ್ವಾರ. ಬಾಗಿಲಿಗೆ ಅಡ್ಡಲಾಗಿ ಕಟ್ಟುವ ಎಲೆ ಹೂಗಳ ಸರಕ್ಕೆ ಬೇರೆಯೇ ಹೆಸರಿತ್ತು: ವಂದನಮಾಲಿಕೆ. ಹಿಂದಿಯವರು ಇಂದಿಗೂ ಬಳಸುವ 'ಬಂದನವಾರ್' ಎಂಬ ಮಾತು ಅದರಿಂದಲೇ ಬಂದದ್ದು. ಕನ್ನಡದಲ್ಲಿ ಮಾತ್ರ ಕಟ್ಟಡದ ಹೆಸರು ಕಟ್ಟಡಕ್ಕೆ ಕಟ್ಟಿದ ಸರಕ್ಕೆ ಇಳಿದುಬಂದಿತು. ತಳಿರನ್ನು ಜತೆಗೆ ಸೇರಿಸಿಕೊಂಡು 'ತಳಿರು ತೋರಣ' ಎಂಬ ಚೆಲುವಾದ ಜೋಡಿ ಹುಟ್ಟಿತು. ಹಳಗನ್ನಡದಲ್ಲಿ 'ಗುಡಿ' ಎಂದರೆ ಬಾವುಟ ಎಂಬ ಅರ್ಥವೂ ಉಂಟು. ಗುಡಿ ತೋರಣ ಕಟ್ಟಿ ಊರನ್ನು ಸಿಂಗರಿಸುವುದು ಕಾವ್ಯಗಳಲ್ಲಿ ಮತ್ತೆ ಮತ್ತೆ ಬರುವ ವರ್ಣನೆ. ಮಹಾರಾಷ್ಟ್ರದವರು ಯುಗಾದಿಯ ದಿನ ಮನೆಯ ಮುಂದೆ ಕೋಲಿಗೆ ವಸ್ತ್ರ, ಬೇವು, ಮಾವಿನೆಲೆ, ಹೂಮಾಲೆ ಕಟ್ಟಿ ಏರಿಸುವ 'ಗುಡಿ'ಯೂ ಇದೇ ಬಾವುಟ.

ಕಲ್ಲಿನ ತೋರಣವನ್ನು ನೋಡಬೇಕಾದರೆ ಮಧ್ಯಪ್ರದೇಶದ ಸಾಂಚಿಗೆ ಹೋಗಬೇಕು. ಅಲ್ಲಿಯ ಮಹಾಸ್ತೂಪದ ನಾಲ್ಕು ದಿಕ್ಕಿಗೆ ನಾಲ್ಕು ತೋರಣಗಳಿವೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಸುಮಾರಿನವು. ಎರಡು ಕಂಬಗಳ ಮೇಲೆ ಒಂದರ ಮೇಲೊಂದು ಮೂರು ಅಡ್ಡತೊಲೆಗಳು. ಸೂಕ್ಷ್ಮವಾಗಿ ನೋಡಿದವರಿಗೆ ಇದು ಕಲ್ಲುಕುಟಿಗನ ಲೆಕ್ಕಾಚಾರವಲ್ಲ, ಬಡಗಿಯ ಲೆಕ್ಕಾಚಾರ ಎಂಬುದು ಹೊಳೆಯುತ್ತದೆ. ಮರದ ದ್ವಾರಗಳನ್ನು ಕಟ್ಟಿ ಅಭ್ಯಾಸವಾದ ಕೈಗಳು ಅದೇ ರೂಪವನ್ನು ಕಲ್ಲಿನಲ್ಲಿ ಕಡೆದಿವೆ. ದಕ್ಷಿಣ ತೋರಣದ ಮೇಲಿನ ತೊಲೆಯನ್ನು ರಾಜ ಶ್ರೀ ಸಾತಕರ್ಣಿಯ ಕುಶಲಕರ್ಮಿಗಳ ಮುಖ್ಯಸ್ಥನಾದ ಆನಂದನೆಂಬವನು ದಾನವಾಗಿ ಕೊಟ್ಟನೆಂದು ಶಾಸನ ಹೇಳುತ್ತದೆ. ಅದೇ ತೋರಣದ ಮೇಲೆ ವಿದಿಶೆಯ ದಂತದ ಕೆಲಸಗಾರರ ಹೆಸರಿನ ಬರಹವೂ ಇದೆ. ಅರಸನ ಕಾಲದಲ್ಲಿ ಅರಸನ ಹೆಸರಿನ ಜತೆಗೆ ಕೆಲಸಗಾರರ ಹೆಸರನ್ನೂ ಉಳಿಸಿಕೊಟ್ಟ ಬಾಗಿಲು ಅದು.

ನಮ್ಮ ಬೇಲೂರು, ಹಳೇಬೀಡುಗಳಲ್ಲಿ ದೇವರ ವಿಗ್ರಹಗಳ ಹಿಂದೆಯೂ ದ್ವಾರಗಳ ಮೇಲೂ ಕಾಣುವ ಮಕರತೋರಣ ಇದೇ ವಂಶದ ಕುಡಿ. ಎರಡು ಬದಿಯ ಮಕರಗಳ ಬಾಯಿಂದ ಹೊರಟ ಬಳ್ಳಿ ಕಮಾನಾಗಿ ಬಾಗಿ ಮೇಲೆ ಕೂಡುತ್ತದೆ. ಹೊಯ್ಸಳ ಶಿಲ್ಪಿ ಕಲ್ಲಿಗೆ ತಳಿರನ್ನು ಕಟ್ಟಿದ, ಅದು ಬಾಡದಂತೆ ಮಾಡಿದ. ಆದರೆ ಕಲ್ಲಿನ ತೋರಣ ದೇವರಿಗೆ, ಅರಸರಿಗೆ. ಹುಲ್ಲು ಮಾಡಿನ ಮನೆಯವನಿಗೆ ಉಳಿದದ್ದು ಒಂದು ಹುರಿ, ಇಪ್ಪತ್ತು ಎಲೆ. ಬಡವನ ಮನೆಯೂ ಹಬ್ಬದ ದಿನ ಅರಮನೆಯಂತೆ ದ್ವಾರಶೋಭೆ ಪಡೆಯುವ ಉಪಾಯ ಅದಾಗಿತ್ತು.

ಇನ್ನು ಎಲೆಯ ವಿಚಾರ. ಮಾವಿನೆಲೆಯೇ ಏಕೆ? ಮಾವಿನೆಲೆ ಗಾಳಿಯನ್ನು ಶುದ್ಧಿ ಮಾಡುತ್ತದೆ, ಅದಕ್ಕಾಗಿ ಹಿರಿಯರು ಕಟ್ಟಿದರು ಎಂಬ ವಿವರಣೆ ಈಚೆಗೆ ಎಲ್ಲೆಡೆ ಹರಿದಾಡುತ್ತಿದೆ. ಮರದಿಂದ ಕಿತ್ತ ಇಪ್ಪತ್ತು ಎಲೆಗಳು ಒಂದು ಮನೆಯ ಗಾಳಿಯನ್ನು ಬದಲಿಸಲಾರವು. ಸುಂದರವಾದ ಪದ್ಧತಿಗೆ ಇಲ್ಲದ ವಿಜ್ಞಾನದ ಆಸರೆ ಬೇಕಾಗಿಯೂ ಇಲ್ಲ. ಕಾರಣಗಳು ಕಣ್ಣೆದುರಿಗೇ ಇವೆ. ಮಾವು ನಮ್ಮ ನೆಲದ ಮರ. ವರ್ಷವಿಡೀ ಹಸಿರಾಗಿರುತ್ತದೆ, ಆದ್ದರಿಂದ ಯಾವ ತಿಂಗಳಲ್ಲಿ ಹಬ್ಬ ಬಂದರೂ ಎಲೆ ಸಿಗುತ್ತದೆ. ಎಲೆ ಉದ್ದ, ದಪ್ಪ, ನಡುನರ ಗಟ್ಟಿ. ತೊಟ್ಟಿನ ಬಳಿ ಹುರಿಗೆ ಮಡಿಚಿ ತೆಂಗಿನ ಗರಿಯ ಕಡ್ಡಿ ಚುಚ್ಚಿದರೆ ಹರಿಯದೆ ನಿಲ್ಲುತ್ತದೆ. ಕಿತ್ತ ಮೇಲೂ ಒಂದೆರಡು ದಿನ ಮೆರುಗು ಕಳೆದುಕೊಳ್ಳುವುದಿಲ್ಲ. ಒಣಗಿದ ಮೇಲೂ ತಟಕ್ಕನೆ ಉದುರುವುದಿಲ್ಲ. ಇಷ್ಟೆಲ್ಲ ಗುಣಗಳು ಒಂದೇ ಎಲೆಯಲ್ಲಿ ಕೂಡಿರುವುದು ಅಪರೂಪ.

ಎಲೆ ಒಂದೇ ಆದರೂ ಅದರ ಜತೆಗೆ ಸೇರುವ ವಸ್ತು ಋತುವಿನೊಡನೆ ಬದಲಾಗುತ್ತದೆ. ಬಾಗಿಲು ಪಂಚಾಂಗವಾಗುವುದು ಇಲ್ಲಿಯೇ. ಯುಗಾದಿಗೆ ಮಾವಿನ ಜತೆಗೆ ಹೂ ಬಿಟ್ಟ ಬೇವಿನ ಗೊಂಚಲು. ನವರಾತ್ರಿಯ ಆಯುಧಪೂಜೆಗೆ ಚೆಂಡುಹೂವಿನ ಸರ. ಉತ್ತರ ಕರ್ನಾಟಕದ ಹಲವೆಡೆ ದೀಪಾವಳಿಯ ಬಲಿಪಾಡ್ಯಮಿಯಂದು ಸಗಣಿಯಿಂದ ಪಾಂಡವರನ್ನು ಮಾಡಿ, ಚೆಂಡುಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ ಹೊಸ್ತಿಲ ಬಳಿ ಇಡುತ್ತಾರೆ. ಕರಾವಳಿಯಲ್ಲಿ ಹೊಸ ಬೆಳೆ ಬಂದಾಗ ಭತ್ತದ ಕದಿರನ್ನು ಮಾವು, ಹಲಸು, ಅಶ್ವತ್ಥ ಮೊದಲಾದ ಎಲೆಗಳಲ್ಲಿ ಸುತ್ತಿ ಬಾಗಿಲಿಗೆ ಕಟ್ಟುವ ತೆನೆಹಬ್ಬವಿದೆ. ಕೊಡಗಿನಲ್ಲಿ ನವೆಂಬರ್ ಅಥವಾ ಡಿಸೆಂಬರ್ ತಿಂಗಳಲ್ಲಿ ಬರುವ ಹುತ್ತರಿಯ ದಿನ ಅಶ್ವತ್ಥ, ಮಾವು ಸೇರಿದಂತೆ ಐದು ಬಗೆಯ ಎಲೆಗಳೊಡನೆ ಹೊಸ ಕದಿರನ್ನು ಕಟ್ಟುವುದನ್ನು 'ನೆರೆ ಕಟ್ಟುವುದು' ಎನ್ನುತ್ತಾರೆ. ಒಂದು ಕಡೆ ಹೂವು, ಒಂದು ಕಡೆ ತೆನೆ. ಆದರೆ ಹೊಲದಲ್ಲಿಯೂ ಕಾಡಿನಲ್ಲಿಯೂ ಆ ವಾರ ಏನು ಬಂದಿದೆಯೋ ಅದನ್ನು ಬಾಗಿಲಿಗೆ ತಂದು ತೋರಿಸುವುದೇ ಎಲ್ಲೆಡೆಯ ಕ್ರಮ.

ಈಗ ಹೂವಿಗೆ ಬರೋಣ. ಇಂದು ತೋರಣವೆಂದರೆ ಮಾವಿನ ಹಸಿರಿನ ನಡುವೆ ಚೆಂಡುಹೂವಿನ ಹಳದಿ ಕೇಸರಿ ಇರಲೇಬೇಕು. ಅದಿಲ್ಲದ ದಸರೆಯನ್ನು ಊಹಿಸುವುದೂ ಕಷ್ಟ. ಆದರೆ ಒಮ್ಮೆ 1443ನೆಯ ಇಸವಿಯ ವಿಜಯನಗರವನ್ನು ನೆನೆಯೋಣ. ಹೆರಾತ್‌ನಿಂದ ಶಾರೂಖನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು ಇಮ್ಮಡಿ ದೇವರಾಯನ ಆ ರಾಜಧಾನಿಯಲ್ಲಿ ಮಹಾನವಮಿಯ ವೈಭವವನ್ನು ಕಣ್ಣಾರೆ ಕಂಡನು. ಅಲ್ಲಿಯ ಪೇಟೆಯಲ್ಲಿ ಗುಲಾಬಿಯ ಮಾರಾಟ ಎಲ್ಲೆಲ್ಲೂ ಇತ್ತೆಂದೂ, ಆ ಜನಕ್ಕೆ ಅದು ಅನ್ನದಷ್ಟೇ ಅಗತ್ಯವಾದ ವಸ್ತುವೆಂದೂ ಬರೆದಿಟ್ಟನು. ಹೂವಿಗೆ ಅಷ್ಟು ಬೆಲೆ ಕೊಟ್ಟ ಆ ನಗರದ ಯಾವ ಬಾಗಿಲಿನಲ್ಲಿಯೂ ಒಂದೇ ಒಂದು ಚೆಂಡುಹೂವು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಏಕೆಂದರೆ ಆ ಹೂವು ಆಗ ಇದ್ದದ್ದು ಭೂಮಿಯ ಆಚೆಯ ಬದಿಯಲ್ಲಿ, ಮೆಕ್ಸಿಕೋ ಸೀಮೆಯಲ್ಲಿ. ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಲು ಇನ್ನೂ 49 ವರ್ಷ ಬಾಕಿ ಇತ್ತು.

ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ಚೆಂಡುಹೂವಿನ ಹೆಸರಿಗೆ 'ಇಪ್ಪತ್ತು ಹೂವು' ಎಂದು ಅರ್ಥ. ಒಂದೇ ಹೂವಿನೊಳಗೆ ತುಂಬಿರುವ ಎಸಳುಗಳ ರಾಶಿಯನ್ನು ಕಂಡು ಇಟ್ಟ ಹೆಸರು. ಇಂದಿನ ಮೆಕ್ಸಿಕನ್ನರು ಅದನ್ನೇ ಸ್ವಲ್ಪ ಬದಲಿಸಿ ಸೆಂಪಾಸೂಚಿಲ್ ಎನ್ನುತ್ತಾರೆ. ಹದಿನಾರನೆಯ ಶತಮಾನದಲ್ಲಿ ಬರ್ನಾರ್ಡಿನೋ ದ ಸಾಹಗೂನ್ ಎಂಬ ಸ್ಪೇನ್ ದೇಶದ ಪಾದ್ರಿ ಅಲ್ಲಿಯ ಜನರ ನೆರವಿನಿಂದ ಸಂಗ್ರಹಿಸಿದ ಬೃಹತ್ ಗ್ರಂಥದಲ್ಲಿ ಈ ಹೂವಿನ ಪ್ರಸ್ತಾಪವಿದೆ. 1521ರಲ್ಲಿ ಸ್ಪೇನಿನವರು ಆ ರಾಜ್ಯವನ್ನು ಗೆದ್ದ ಮೇಲೆ ಬೀಜ ಯೂರೋಪಿಗೆ ಹೋಯಿತು. ಅಲ್ಲಿಂದ ಹಡಗುಗಳ ದಾರಿ ಹಿಡಿದು ಪೂರ್ವಕ್ಕೆ ಬಂದಿತು. ಇಂಗ್ಲಿಷಿನವರು ದೊಡ್ಡ ಜಾತಿಯದನ್ನು ಆಫ್ರಿಕನ್ ಮಾರಿಗೋಲ್ಡ್ ಎಂದೂ ಚಿಕ್ಕದನ್ನು ಫ್ರೆಂಚ್ ಮಾರಿಗೋಲ್ಡ್ ಎಂದೂ ಕರೆದರು. ಎರಡೂ ತಪ್ಪು, ಎರಡರ ತವರೂ ಅಮೆರಿಕ ಖಂಡವೇ. ನಮ್ಮವರು ತವರನ್ನು ಕೇಳಲೇ ಇಲ್ಲ. ಆಕಾರ ನೋಡಿ ಚೆಂಡುಹೂವು ಎಂದರು, ಕರಾವಳಿಯಲ್ಲಿ ಗೊಂಡೆ ಎಂದರು, ದೇವರ ಮುಡಿಗೆ ಏರಿಸಿದರು. ಪರದೇಶದ ಗುರುತೇ ಉಳಿಯದಂತೆ ಅದು ನಮ್ಮದಾಯಿತು. ಇಂದು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ಕಡೆ ಅದು ಹೊಲಗಟ್ಟಲೆ ಬೆಳೆಯುವ ಬೆಳೆ.

ಹೂವಿನ ಕಥೆ ಹೀಗಾದರೆ ಕಾಯಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ದೃಷ್ಟಿ ತಾಗದಿರಲೆಂದು ಅಂಗಡಿ ಮನೆಗಳ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟುವುದುಂಟಷ್ಟೆ. ನಿಂಬೆ ನಮ್ಮ ಏಷ್ಯಾದ್ದು. ಆದರೆ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದಲೇ ಬಂದದ್ದು. ಪೋರ್ಚುಗೀಸರ ಹಡಗುಗಳು ಅದನ್ನು ಪಶ್ಚಿಮ ತೀರಕ್ಕೆ ತಂದವು. ಗೋವೆ 1510ರಲ್ಲಿ ಅವರ ವಶವಾಯಿತು. ಹಾಗಾದರೆ ನಮ್ಮ ಪುರಾತನ ಬಾಗಿಲಿಗೆ ಮಂಗಳದ ಹೂವು ಮೆಕ್ಸಿಕೋದ್ದು, ಕಾವಲಿನ ಕಾಯಿ ಅಮೆರಿಕದ್ದು! ಪರಕೀಯವಾದುದನ್ನು ತಡೆಯಲು ಕಟ್ಟಿದ ಕಾವಲುಗಾರನೇ ಪರದೇಶದಿಂದ ಬಂದವನು.

ಇದರಿಂದ ನಮ್ಮ ಪದ್ಧತಿಯ ಘನತೆ ಕುಗ್ಗಿತೆಂದು ಯಾರೂ ಭಾವಿಸಬೇಕಾಗಿಲ್ಲ. ನನಗಂತೂ ಅದು ಹೆಚ್ಚಿತೆಂದೇ ತೋರುತ್ತದೆ. ಅತಿಥಿಗಾಗಿ ಕಟ್ಟುವ ಸರದಲ್ಲಿ ಅತಿಥಿಯಾಗಿ ಬಂದ ಹೂವಿಗೇ ಮೊದಲ ಸ್ಥಾನ ಸಿಕ್ಕಿತಲ್ಲ, ಅದಕ್ಕಿಂತ ಒಪ್ಪುವ ಸಂಗತಿ ಯಾವುದು?

ಆ ಹೂವಿನ ತವರಿನಲ್ಲಿಯೂ ಅದು ಬಾಗಿಲಿಗೇ ಸಲ್ಲುತ್ತದೆ. ನವೆಂಬರ್ 1 ಮತ್ತು 2ರಂದು ಮೆಕ್ಸಿಕೋದವರು ತೀರಿಕೊಂಡವರ ದಿನವನ್ನು ಆಚರಿಸುತ್ತಾರೆ. ನಮ್ಮ ದೀಪಾವಳಿಯ ಆಸುಪಾಸಿನ ಕಾಲ ಅದು. ಮನೆಯೊಳಗೆ ಹಿರಿಯರ ಚಿತ್ರಗಳನ್ನಿಟ್ಟು, ಚೆಂಡುಹೂವಿನ ಕಮಾನು ಕಟ್ಟುತ್ತಾರೆ. ಬಾಗಿಲಿನಿಂದ ಅಲ್ಲಿಯವರೆಗೆ ಎಸಳುಗಳನ್ನು ಚೆಲ್ಲಿ ದಾರಿ ಮಾಡುತ್ತಾರೆ. ಅಗಲಿದವರು ಆ ಬಣ್ಣ, ಆ ವಾಸನೆ ಹಿಡಿದು ಮನೆಗೆ ಬರುತ್ತಾರೆಂಬುದು ನಂಬಿಕೆ. ಈ ಆಚರಣೆಯನ್ನು ಯುನೆಸ್ಕೋ ಸಂಸ್ಥೆ 2008ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಸಾವಾದ ಮನೆಯ ಬಾಗಿಲಿಗೆ ಹೂ ಕಟ್ಟುವುದಿಲ್ಲ. ಅವರು ಸತ್ತವರಿಗಾಗಿಯೇ ಕಟ್ಟುತ್ತಾರೆ. ರೂಢಿ ತಿರುವುಮುರುವಾಗಿದೆ. ಆದರೆ ಬರುವವರಿಗೆ ಬಾಗಿಲು ಗುರುತಾಗಲಿ ಎಂಬ ಆಶಯ ಎರಡೂ ಕಡೆ ಒಂದೇ.

ಇಂಥ ಆಶಯ ಬೇರೆ ಬೇರೆ ನಾಡುಗಳಲ್ಲಿ ಬೇರೆ ಬೇರೆ ವೇಷದಲ್ಲಿ ಕಾಣುತ್ತದೆ. ಉತ್ತರಾಖಂಡದ ಬೆಟ್ಟದ ಹಳ್ಳಿಗಳಲ್ಲಿ ಮಾರ್ಚ್ ತಿಂಗಳ ನಡುವೆ, ಚೈತ್ರದ ಮೊದಲ ದಿನ, ಮಕ್ಕಳು ಹೂಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಹೊಸ್ತಿಲ ಮೇಲೆ ಹೂವಿಟ್ಟು ಹರಸುತ್ತಾರೆ. ಮನೆಯವರು ಅಕ್ಕಿ, ಬೆಲ್ಲ, ಚಿಲ್ಲರೆ ಕಾಸು ಕೊಡುತ್ತಾರೆ. ಫೂಲ್ ದೇಯಿ ಎಂದು ಅದರ ಹೆಸರು. ದೇಯಿ ಎಂದರೆ ಹೊಸ್ತಿಲು. ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮೇ ತಿಂಗಳ ಮೊದಲ ದಿನ ಮಕ್ಕಳು ಕಾಗದದ ಪುಟ್ಟ ಬುಟ್ಟಿಗಳಲ್ಲಿ ವಸಂತದ ಹೂಗಳನ್ನು ತುಂಬಿ, ನೆರೆಯವರ ಬಾಗಿಲ ಹಿಡಿಗೆ ತೂಗುಹಾಕಿ, ಕದ ತಟ್ಟಿ ಓಡಿಹೋಗುತ್ತಿದ್ದರು. ಲೂಯಿಸಾ ಮೇ ಆಲ್ಕಾಟ್ ತಮ್ಮ 1880ರ 'ಜ್ಯಾಕ್ ಅಂಡ್ ಜಿಲ್' ಕಾದಂಬರಿಯಲ್ಲಿ ಈ ಬುಟ್ಟಿಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಅಲ್ಲಿ ಕಟ್ಟುವವನು ಮನೆಯವನಲ್ಲ, ನೆರೆಯವನು. ನಮ್ಮಲ್ಲಿ ನಮ್ಮ ಬಾಗಿಲಿಗೆ ನಾವೇ ಕಟ್ಟಿಕೊಳ್ಳುತ್ತೇವೆ. ಇನ್ನೊಬ್ಬರ ಬಾಗಿಲಿಗೆ ಹೂವಿಟ್ಟು ಬರುವುದರಲ್ಲಿ ಇರುವ ಸೊಗಸು ಬೇರೆಯೇ.

ನೆರೆಯವನ ಮಾತು ಬಂದದ್ದರಿಂದ, ಸವಿಯಾಗಿ ಹೇಳಲಾಗದ ಒಂದು ವಿಷಯವನ್ನು ಹೇಳಲೇಬೇಕು. ಸಾಗರದಾಚೆಯ ಹೂವನ್ನು ತಲೆಬಾಗಿಲ ಮೇಲೆ ಕೂರಿಸಿಕೊಂಡ ಮನೆಗಳು, ಅದೇ ಊರಿನ ಕೇರಿಯ ಮನುಷ್ಯನನ್ನು ತೋರಣದ ಕೆಳಗೆ ಹಾಯಲು ಬಿಡಲಿಲ್ಲ. ಎಷ್ಟೋ ಊರುಗಳಲ್ಲಿ ಹಬ್ಬದ ಮುಂಜಾನೆ ಮರ ಹತ್ತಿ ಸೊಪ್ಪು ತಂದು ಅಂಗಳದಲ್ಲಿ ಹಾಕಿದವನು ಅವನೇ. ಎಲೆ ಒಳಗೆ ಹೋಗುತ್ತಿತ್ತು, ತಂದವನು ಹೊರಗೆ ನಿಲ್ಲುತ್ತಿದ್ದನು. ಹಾಗೆಯೇ ಗಂಡ ತೀರಿಕೊಂಡ ಹೆಣ್ಣುಮಗಳು ತನ್ನ ಮನೆಯ ಬಾಗಿಲಿಗೇ ತೋರಣ ಕಟ್ಟುವಂತಿರಲಿಲ್ಲ. ಮಂಗಳದ ಗುರುತಾದ ಸರವೇ ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಗೆರೆಯೂ ಆಗಿತ್ತು. ಚರಿತ್ರೆಯನ್ನು ಹೇಳುವಾಗ ಹೂವನ್ನಷ್ಟೇ ಹೇಳಿ ಗೆರೆಯನ್ನು ಬಿಟ್ಟರೆ ಅದು ಚರಿತ್ರೆಯಾಗುವುದಿಲ್ಲ.

ಆ ಗೆರೆಯನ್ನು ಅಳಿಸಲು ಹೊರಟವರ ಕೈಗೆ ಮೊದಲು ಸಿಕ್ಕ ಬಾಗಿಲು ಶಾಲೆಯದು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರ ಸಂಸ್ಥೆಯನ್ನು ಕಟ್ಟಿದಾಗ ಮೊದಲಿಗೆ ಕೈಹಾಕಿದ್ದು ಮಕ್ಕಳ ಶಿಕ್ಷಣಕ್ಕೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾಯಿದೆ ಬಂದಿತು. ಕಾಯಿದೆ ಬಂದ ಮಾತ್ರಕ್ಕೆ ಹಳ್ಳಿಯ ಹೊಸ್ತಿಲುಗಳು ಕರಗಲಿಲ್ಲ ಎಂಬುದನ್ನು ನಾನು ಕೆಲಸ ಮಾಡಿದ ಊರುಗಳಲ್ಲಿ ಕಂಡಿದ್ದೇನೆ. ಆದರೆ ಆಗಸ್ಟ್ 15ರ ಹಿಂದಿನ ಸಂಜೆ ಶಾಲೆಯ ಜಗಲಿಯ ಮೇಲೆ ಎಲ್ಲ ಕೇರಿಯ ಮಕ್ಕಳೂ ಸೊಪ್ಪು ತಂದು ರಾಶಿ ಹಾಕುತ್ತಿದ್ದರು. ಒಬ್ಬ ಹುರಿ ಹಿಡಿದರೆ ಇನ್ನೊಬ್ಬಳು ಎಲೆ ಮಡಿಚುವಳು, ಮತ್ತೊಬ್ಬ ಕಡ್ಡಿ ಮುರಿದು ಕೊಡುವನು. ಯಾವ ಎಲೆಯನ್ನು ಯಾರು ಪೋಣಿಸಿದರೆಂದು ಮರುದಿನ ಹೇಳಲು ಸಾಧ್ಯವಿರಲಿಲ್ಲ. ಬಾವುಟ ನೋಡಲು ಬಂದ ಊರಿನ ಹಿರಿಯರೆಲ್ಲರೂ ಆ ತೋರಣದ ಕೆಳಗೇ ನಡೆದು ಒಳಗೆ ಬರುತ್ತಿದ್ದರು. ಬೇರೆ ದಿನಗಳಲ್ಲಿ ಏನೇ ಇರಲಿ, ಆ ಒಂದು ಬಾಗಿಲಿನಲ್ಲಿ ಆ ಒಂದು ದಿನ ಗೆರೆ ಇರಲಿಲ್ಲ. ನಾಗರಿಕಶಾಸ್ತ್ರದ ಪಾಠಗಳಲ್ಲಿ ಅದು ಒಳ್ಳೆಯ ಪಾಠವಾಗಿತ್ತು. ಅದಕ್ಕೆ ಪರೀಕ್ಷೆ ಇರಲಿಲ್ಲ.

ಈಗ ಅಂಗಡಿಗಳಲ್ಲಿ ಪ್ಲಾಸ್ಟಿಕ್ ತೋರಣ ಸಿಗುತ್ತದೆ. ಎಲೆಯ ನರಗಳು ಸಹ ಅಚ್ಚಾಗಿರುತ್ತವೆ, ಹೂವಿನ ಬಣ್ಣವೂ ಸರಿಯಾಗಿರುತ್ತದೆ. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜತೆಗೆ ಪ್ಲಾಸ್ಟಿಕ್ ಬಾವುಟ, ಬ್ಯಾನರ್, ಬೀದಿಗೆ ಕಟ್ಟುವ ತೋರಣಪಟ್ಟಿಗಳನ್ನೂ ನಿಷೇಧಿಸಿತು. ಮನೆಬಾಗಿಲಿನ ಸರ ಮಾತ್ರ ಹಾಗೆಯೇ ನೇತಾಡುತ್ತಿದೆ. ಅದನ್ನು ಕಟ್ಟಿಕೊಂಡವರನ್ನು ದೂರಲು ನನಗೆ ಮನಸ್ಸಿಲ್ಲ. ಎಂಟನೆಯ ಅಂತಸ್ತಿನಲ್ಲಿ ಇರುವವರು ಮಾವಿನ ಮರವನ್ನು ಎಲ್ಲಿಂದ ತರಬೇಕು? ಆದರೆ ಅವರಿಗೂ ಪೇಟೆಯ ದಾರಿ ಉಂಟು. ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಾಗಲಿ ಗಾಂಧಿ ಬಜಾರಿನಲ್ಲಾಗಲಿ ಮಾವಿನ ಸೊಪ್ಪಿನ ಕಟ್ಟು, ಮಾರುಗಟ್ಟಲೆ ಹೂವಿನ ಸರ ಮಾರುವವರು ಪಾದಚಾರಿ ದಾರಿಯುದ್ದಕ್ಕೂ ಕುಳಿತಿರುತ್ತಾರೆ. ಒಂದು ಕಟ್ಟು ಕೊಂಡರೆ ಅವರ ಮನೆಯಲ್ಲಿಯೂ ಹಬ್ಬವಾಗುತ್ತದೆ.

ಪ್ಲಾಸ್ಟಿಕ್ ತೋರಣದ ಬಗ್ಗೆ ನನ್ನ ತಕರಾರು ಅದು ಕೃತಕವೆಂಬುದಲ್ಲ. ಹೊಯ್ಸಳ ಶಿಲ್ಪಿಯ ತಳಿರೂ ನಿಜವಾದ ತಳಿರಲ್ಲ. ತಕರಾರು ಇಷ್ಟೇ: ಅದು ಬಾಡುವುದಿಲ್ಲ. ಬಾಡದ್ದರಿಂದ ಅದನ್ನು ಯಾರೂ ಇಳಿಸುವುದಿಲ್ಲ. ಇಳಿಸದ್ದರಿಂದ ಯುಗಾದಿಗೂ ಅದೇ, ದೀಪಾವಳಿಗೂ ಅದೇ, ಮನೆಯಲ್ಲಿ ದುಃಖ ಬಂದ ದಿನವೂ ಅದೇ. ಬಾಗಿಲು ಮಾತಾಡುವುದನ್ನು ನಿಲ್ಲಿಸಿಬಿಡುತ್ತದೆ. ಎರಡು ಸಾವಿರ ವರ್ಷಗಳಲ್ಲಿ ತೋರಣ ಮರದಿಂದ ಕಲ್ಲಾಯಿತು, ಅದರ ಹೆಸರು ಎಲೆಯ ಸರಕ್ಕೆ ಇಳಿಯಿತು, ಸರದೊಳಗೆ ಪರದೇಶದ ಹೂವು ಬಂದು ಸೇರಿತು. ಎಲ್ಲವೂ ಬದಲಾಯಿತು. ಬದಲಾಗದೆ ಉಳಿದದ್ದು ಒಂದೇ, ಹಬ್ಬ ಬಂದಾಗಲೆಲ್ಲ ಹೊಸದಾಗಿ ಕಟ್ಟಬೇಕು ಎಂಬ ನಿಯಮ. ಆ ನಿಯಮದಿಂದಾಗಿಯೇ ವರ್ಷಕ್ಕೆ ಹಲವು ಬಾರಿ ಮನೆಯವರು ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದರು, ಮರ ಚಿಗುರಿದೆಯೇ, ಹೂ ಬಂದಿದೆಯೇ, ದಾರಿಯಲ್ಲಿ ಯಾರು ಹೋಗುತ್ತಿದ್ದಾರೆ ಎಂದು ಗಮನಿಸುತ್ತಿದ್ದರು.

ಬೇರೆ ಬೇರೆ ಸೀಮೆಗಳಲ್ಲಿ ಬಾಗಿಲಿಗೆ ಕಟ್ಟುವ ಸೊಪ್ಪು ಸದೆಗಳ ಹೆಸರುಗಳನ್ನು ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡುವುದು ಒಳ್ಳೆಯದು. ಪುಸ್ತಕಗಳಲ್ಲಿ ಸಿಗದ ಎಷ್ಟೋ ಗಿಡಗಳು ಆ ಪಟ್ಟಿಯಲ್ಲಿ ಬರುತ್ತವೆ. ಮುಂದಿನ ಹಬ್ಬಕ್ಕೆ ಹಳೆಯ ತೋರಣವನ್ನು ಇಳಿಸಿ ಗಿಡದ ಬುಡಕ್ಕೆ ಹಾಕಿ, ಹೊಸದನ್ನು ಕಟ್ಟುವಾಗ ಮಕ್ಕಳ ಕೈಗೆ ಹುರಿಯ ಒಂದು ತುದಿಯನ್ನು ಕೊಡಿ. ಇನ್ನೊಂದು ತುದಿಯನ್ನು ಪಕ್ಕದ ಮನೆಯ ಮಗು ಹಿಡಿದುಕೊಂಡರೆ ಇನ್ನೂ ಒಳ್ಳೆಯದು.